ಹೊಸ್ತಿಲ ಮೇಲಿನ ನೀರು

ಇಂಗ್ಲೆಂಡಿನ ಪೂರ್ವತೀರದ ಎಸೆಕ್ಸ್ ಪ್ರಾಂತದಲ್ಲಿ, ಬ್ಲ್ಯಾಕ್‌ವಾಟರ್ ನದಿಯ ಅಳಿವೆಯ ಬದಿಗೆ ಟೋಲ್ಸ್‌ಬರಿ ಎಂಬ ಹಳ್ಳಿಯಿದೆ. ಸಮುದ್ರದ ಇಳಿತದ ವೇಳೆಯಲ್ಲಿ ಅಲ್ಲಿಗೆ ಹೋದ ಹೊಸಬನಿಗೆ ಜವುಗು ಬಯಲನ್ನು ಸೀಳಿಕೊಂಡು ಹೋಗುವ ಕೆಸರಿನ ಕಂದಕವೊಂದು ಕಾಣುವುದೇ ಹೊರತು ದೋಣಿಯ ದಾರಿ ಕಾಣುವುದಿಲ್ಲ. ಆರು ಗಂಟೆ ಕಳೆದು ಬಂದು ನೋಡಿದರೆ ಅದೇ ಕಂದಕ ದಂಡೆಯವರೆಗೆ ತುಂಬಿರುತ್ತದೆ. ಹಾಯಿದೋಣಿಗಳು ಆ ತೊರೆಯ ಮೂಲಕ ಮರೀನಾಕ್ಕೆ, ಎಂದರೆ ವಿಹಾರದೋಣಿಗಳ ತಂಗುದಾಣಕ್ಕೆ, ಸಾಗುತ್ತಿರುತ್ತವೆ. ಮಂಗಳೂರಿನಲ್ಲಿ ಕಡಲಿನ ದೊಡ್ಡ ಏರಿಳಿತವೂ ಸುಮಾರು ಒಂದೂವರೆ ಮೀಟರು ಮಾತ್ರ. ಇಲ್ಲಿ ಅದು ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ನಾಲ್ಕೂವರೆ ಮೀಟರನ್ನು ಮುಟ್ಟುತ್ತದೆ.

ತೊರೆ ಬರಿದಾದಾಗ ಒಳಗಿನ ದೋಣಿಗಳು ಕೆಸರಿಗೆ ಕೂರಬಾರದಷ್ಟೆ? ಅದಕ್ಕಾಗಿ ತಂಗುದಾಣದ ಬಾಯಲ್ಲಿ ನೀರಿನಡಿಗೆ ತಗ್ಗಾದ ಅಡ್ಡಗೋಡೆಯೊಂದನ್ನು ಕಟ್ಟಿರುತ್ತಾರೆ. ಅದನ್ನು ಹೊಸ್ತಿಲೆಂದೇ ಕರೆಯೋಣ. ಈ ಹೊಸ್ತಿಲು ಒಳಗಿನ ನೀರನ್ನು ಹಿಡಿದಿಡುತ್ತದೆ. ಹೊರಗಿನ ದೋಣಿಯನ್ನು ಸಕಾಲದವರೆಗೆ ತಡೆದೂ ನಿಲ್ಲಿಸುತ್ತದೆ. ಆ ಸಕಾಲ ಯಾವುದು?

ಉಯ್ಯಾಲೆ ಎರಡು ತುದಿಗಳಲ್ಲಿ ನಿಧಾನಿಸಿ ನಡುವೆ ವೇಗವಾಗಿ ತೂಗುವುದನ್ನು ಎಲ್ಲರೂ ಬಲ್ಲರು. ಕಡಲಿನ ಏರಿಕೆಯೂ ಹೆಚ್ಚು ಕಡಿಮೆ ಹಾಗೆಯೇ. ಆರು ಗಂಟೆಗಳ ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಮೊದಲ ಗಂಟೆಯಲ್ಲಿ 1 ಪಾಲು, ಮುಂದೆ ಕ್ರಮವಾಗಿ 2, 3, 3, 2, 1 ಪಾಲು ನೀರು ಏರುತ್ತದೆ. ಇದು ನಾವಿಕರ ಹಳೆಯ ಲೆಕ್ಕ. ಸ್ಥೂಲವಾದದ್ದಾದರೂ ಕೆಲಸಕ್ಕೆ ಬರುವಂಥದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಇಳಿತದ ನೀರು ನಕಾಶೆಯ ಸೊನ್ನೆಯಿಂದ 0.5 ಮೀಟರು, ಉಬ್ಬರದ್ದು 5 ಮೀಟರು ಎತ್ತರಕ್ಕಿದೆ. ಹೊಸ್ತಿಲು 3 ಮೀಟರು ಎತ್ತರದಲ್ಲಿದೆ. ದೋಣಿ ನೀರೊಳಗೆ 1.2 ಮೀಟರು ಮುಳುಗಿರುತ್ತದೆ. ಕ್ಷೇಮಕ್ಕೆಂದು ಅರ್ಧ ಮೀಟರು ಹೆಚ್ಚಿಗೆ ಬೇಕು. ಕೂಡಿದರೆ 4.7 ಮೀಟರು. ನಾಲ್ಕನೆಯ ಗಂಟೆಯ ಕೊನೆಗೆ ನೀರು 3.9 ಮೀಟರಿಗೆ ಮಾತ್ರ ಬಂದಿರುತ್ತದೆ. ಐದನೆಯದರ ಕೊನೆಗೆ 4.6ಕ್ಕೆ. ಆದುದರಿಂದ ಪೂರ್ಣ ಉಬ್ಬರಕ್ಕೆ ಒಂದು ಗಂಟೆಯೊಳಗೆ ಬಾಗಿಲು ತೆರೆದು, ಅದಾಗಿ ಒಂದು ಗಂಟೆಯೊಳಗೆ ಮುಚ್ಚಿಕೊಳ್ಳುತ್ತದೆ. ಅಷ್ಟಮಿಯ ಸುಮಾರಿಗೆ ಸೂರ್ಯ ಚಂದ್ರರ ಸೆಳೆತಗಳು ಒಂದನ್ನೊಂದು ಕುಗ್ಗಿಸುವುದರಿಂದ ಉಬ್ಬರ 4 ಮೀಟರಿಗೇ ನಿಂತೀತು. ಆಗ ಈ ದೋಣಿಗೆ ಬಾಗಿಲು ತೆರೆಯುವುದೇ ಇಲ್ಲ.

ಲೆಕ್ಕ ತಪ್ಪಿ ದೋಣಿ ತೊರೆಯ ಕೆಸರಿಗೆ ಕೂತರೆ? ನೀರು ಏರುತ್ತಿದ್ದರೆ ಚಿಂತೆಯಿಲ್ಲ, ತುಸು ಹೊತ್ತಿನಲ್ಲಿ ಅದೇ ಎತ್ತಿಬಿಡುತ್ತದೆ. ಇಳಿಯುತ್ತಿದ್ದರೆ ಮುಂದಿನ ಉಬ್ಬರದವರೆಗೆ, ಬಹಳವೆಂದರೆ ಹನ್ನೆರಡು ಗಂಟೆ, ಓರೆಯಾಗಿ ಒರಗಿ ಕೂತಿರಬೇಕು. ಆದರೆ ಹುಣ್ಣಿಮೆಯ ಹಿಂದುಮುಂದಿನ ಅತ್ಯುನ್ನತ ಉಬ್ಬರದ ನೆತ್ತಿಯಲ್ಲಿಯೇ ದಂಡೆಗೆ ಏರಿಬಿಟ್ಟಿತೆನ್ನಿ. ಅನಂತರದ ಉಬ್ಬರಗಳು ದಿನದಿನಕ್ಕೆ ತಗ್ಗುತ್ತ ಹೋಗುವುದರಿಂದ, ಅಷ್ಟೇ ಎತ್ತರದ ನೀರಿಗೆ ಸುಮಾರು ಹದಿನೈದು ದಿನ ಕಾಯಬೇಕಾದೀತು! ಆದುದರಿಂದಲೇ ಬಲ್ಲವರು ನೀರು ಇನ್ನೂ ಏರುತ್ತಿರುವಾಗಲೇ ಒಳನುಗ್ಗುತ್ತಾರೆ.

ಹಾಗೆ ಹೋಗುವುದರಲ್ಲಿಯೂ ಒಂದು ತೊಡಕುಂಟು. ಪ್ರವಾಹ ಹಿಂದಿನಿಂದ ತಳ್ಳುತ್ತದೆ. ಚುಕ್ಕಾಣಿಗೆ ಬಲ ಬರುವುದು ನೀರನ್ನು ಸೀಳಿ ಹೋಗುವ ವೇಗದಿಂದ. ನೀರೇ ದೋಣಿಯನ್ನು ಹೊತ್ತೊಯ್ದರೆ ದಂಡೆ ವೇಗವಾಗಿ ಹಿಂದೆ ಸರಿದರೂ ಚುಕ್ಕಾಣಿ ಸಡಿಲವಾಗಿಯೇ ಇರುತ್ತದೆ. ತಿರುವುಗಳಲ್ಲಿ ನೀರು ಹೊರಬದಿಯನ್ನು ಕೊರೆದು ಒಳಬದಿಯಲ್ಲಿ ಕೆಸರು ಬಿಡುವುದರಿಂದ, ಹತ್ತಿರದ ದಾರಿಯೆಂದು ಒಳಬದಿಯನ್ನು ಹಿಡಿದವನು ಕೆಡುತ್ತಾನೆ. ಇಂತಹ ತೊರೆಗಳಲ್ಲಿ ಸ್ಥಳೀಯರು ಅಂಚಿಗೆ ಕೋಲುಗಳನ್ನು ನೆಟ್ಟು ದಾರಿ ತೋರುವುದುಂಟು. ಆಳವನ್ನಳೆಯುವ ಇಂದಿನ ಯಂತ್ರ ದೋಣಿಯ ಕೆಳಗಿನ ನೀರನ್ನು ತಿಳಿಸುತ್ತದೆ, ಮುಂದಿನ ದಿಬ್ಬವನ್ನಲ್ಲ.

ವಾಯುವಿನ ಪಾತ್ರವನ್ನೂ ಮರೆಯುವಂತಿಲ್ಲ. ವಾಯುಭಾರ ಒಂದು ಹೆಕ್ಟೊಪಾಸ್ಕಲ್ ಹೆಚ್ಚಿದರೆ ಕಡಲ ಮಟ್ಟ ಸುಮಾರು ಒಂದು ಸೆಂಟಿಮೀಟರು ಕುಗ್ಗುತ್ತದೆ. ಗಾಳಿ ಇನ್ನೂ ಪ್ರಬಲ. 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರದ ಬಿರುಗಾಳಿ ಇದೇ ಎಸೆಕ್ಸ್ ತೀರದ ಮೇಲೆ ನೀರನ್ನು ಪಂಚಾಂಗದ ಲೆಕ್ಕ ಮೀರಿ ಏರಿಸಿತು. ಇಂಗ್ಲೆಂಡಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಶಾಂತವಾದ ದಿನಗಳಲ್ಲಿಯೂ ಒಂದೆರಡು ಗೇಣು ನೀರು ಲೆಕ್ಕಕ್ಕಿಂತ ಕಡಿಮೆಯಿರಬಹುದು. ಮೇಲೆ ಕ್ಷೇಮಕ್ಕೆಂದು ಸೇರಿಸಿದ ಅರ್ಧ ಮೀಟರು ಇದಕ್ಕಾಗಿಯೇ. ಹೊಸ್ತಿಲ ಮೇಲೆ ಎಷ್ಟು ನೀರಿದೆಯೆಂದು ತೋರಿಸುವ ಅಳತೆಪಟ್ಟಿ ಬಾಗಿಲಲ್ಲಿದ್ದರೆ, ಅಲ್ಲಿಯವರೆಗೆ ಬಂದ ನಾವಿಕನು ತನ್ನ ಕಾಗದದ ಲೆಕ್ಕವನ್ನು ಬದಿಗಿಟ್ಟು ಅದನ್ನೇ ಓದಿಕೊಳ್ಳುತ್ತಾನೆ.