ಮರ್ಸಿ ತೀರದ ಮಹಾಬಂದರು: ಲಿವರ್‌ಪೂಲ್

1207ರಲ್ಲಿ ದೊರೆ ಜಾನನ ಸನ್ನದಿನಿಂದ ಪಟ್ಟಣವೆಂಬ ಪದವಿಯನ್ನು ಪಡೆದ ಇಂಗ್ಲೆಂಡಿನ ಲಿವರ್‌ಪೂಲ್, ಮುಂದಿನ ಹಲವು ಶತಮಾನಗಳ ಕಾಲ ಮರ್ಸಿ ನದೀಮುಖದ ಒಂದು ಸಣ್ಣ ಊರಾಗಿಯೇ ಉಳಿದಿದ್ದಿತು.

ಉಬ್ಬರ ಇಳಿದೊಡನೆ ಹಡಗುಗಳು ಕೆಸರಿನಲ್ಲಿ ಕುಳಿತು, ಸರಕಿಳಿಸುವುದೇ ದುಸ್ತರವಾಗಿರಲು, ಥಾಮಸ್ ಸ್ಟೀರ್ಸ್ ಎಂಬ ಎಂಜಿನಿಯರು ಇಟ್ಟಿಗೆಯ ಗೋಡೆಗಳನ್ನೆಬ್ಬಿಸಿ, ಕದಗಳಿಂದ ನೀರನ್ನು ತಡೆದು ನಿಲ್ಲಿಸಿ ರಚಿಸಿದ ಡಾಕ್ 1715ರಲ್ಲಿ ತೆರೆಯಿತು. ವಾಣಿಜ್ಯಕ್ಕಾಗಿ ಹೀಗೆ ಕಟ್ಟಿದ ಡಾಕ್‌ಗಳಲ್ಲಿ ಜಗತ್ತಿಗೇ ಅದು ಮೊದಲನೆಯದು.

ಸಕ್ಕರೆ, ಹೊಗೆಸೊಪ್ಪು, ಹತ್ತಿಗಳಿಂದ ಸಂಪತ್ತು ಬೆಳೆಯಿತು. ಆದರೆ ಆ ಸಂಪತ್ತಿನ ತಳಹದಿಯಲ್ಲಿ, 1807ರ ಶಾಸನವು ಗುಲಾಮರ ವ್ಯಾಪಾರವನ್ನು ನಿಷೇಧಿಸುವವರೆಗೂ ಈ ಬಂದರಿನ ಹಡಗುಗಳು ಅಟ್ಲಾಂಟಿಕದಾಚೆಗೆ ಸಾಗಿಸಿದ ಹತ್ತು ಲಕ್ಷಕ್ಕೂ ಮಿಕ್ಕ ಆಫ್ರಿಕನ್ನರ ಯಾತನೆಯೂ ಇದೆ.

1830ರಲ್ಲಿ ಮ್ಯಾಂಚೆಸ್ಟರಿಗೆ ರೈಲುಮಾರ್ಗ, 1846ರಲ್ಲಿ ಆಲ್ಬರ್ಟ್ ಡಾಕ್ ಬಂದವು. ಈ ನಗರದ ಭವ್ಯಸೌಧಗಳನ್ನು ಮೆಚ್ಚುವವರು, ಅವುಗಳಿಗೆ ಬೆಲೆ ತೆತ್ತವರನ್ನೂ ಸ್ಮರಿಸತಕ್ಕದ್ದು.