ಹಳೇ ವ್ಯಾನ್, ಟ್ರೇಲರ್ ಮನೆ ಮಾಡ್ತೀರಾ? ಮೊದಲು ಬಚ್ಚಲು ನೀರು ಎಲ್ಲಿಗೆ ಹೋಗುತ್ತದೆ ನೋಡಿ

ಪುತ್ತೂರು: ಹಳೇ ಟೆಂಪೋ ಟ್ರಾವೆಲರ್, ಓಮ್ನಿ, ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿರುವ ಟ್ರೇಲರ್. ಇವುಗಳಲ್ಲಿ ಹಾಸಿಗೆ, ಸ್ಟವ್, ಸಿಂಕ್ ಕೂರಿಸಿ ಊರೂರು ಸುತ್ತುವವರ ವಿಡಿಯೋ ಈಗ ಎಲ್ಲರ ಮೊಬೈಲಿನಲ್ಲೂ ಇದೆ. ಪಕ್ಕದ ಕೇರಳ ಸರಕಾರ 2021ರಲ್ಲಿ ‘ಕೆರವಾನ್ ಕೇರಳ’ ಎಂಬ ಯೋಜನೆ ಪ್ರಕಟಿಸಿ, 2022ರಲ್ಲಿ ವಾಗಮಣ್‌ನಲ್ಲಿ ಮೊದಲ ಕಾರವಾನ್ ಪಾರ್ಕ್ ತೆರೆಯಿತು. ವಿಡಿಯೋ ನೋಡಿದವರಿಗೆ ‘ನಾವೂ ಒಂದು ಮಾಡಿದರೆ ಹೇಗೆ’ ಅನ್ನಿಸುವುದು ಸಹಜ.

ಹಾಸಿಗೆ, ಕಪಾಟು ಮಾಡಲು ಒಬ್ಬ ಬಡಗಿ ಸಾಕು. ಕೈ ಕೊಡುವುದು ನೀರಿನ ಕೆಲಸ. ನೀರು ತುಂಬಿಸುವುದು ಸುಲಭ, ಬಳಸಿದ ನೀರನ್ನು ಎಲ್ಲಿ ಬಿಡುವುದು ಎಂಬುದೇ ಪ್ರಶ್ನೆ. ನಮ್ಮ ಮೂರು ತಾಲೂಕಿನಲ್ಲಿ ಈ ಪ್ರಶ್ನೆಗೆ ತೂಕ ಜಾಸ್ತಿ. ಯಾಕೆಂದರೆ ಇಲ್ಲಿ ತೋಡಿಗೆ ಬಿಟ್ಟ ನೀರು ಕೊನೆಗೆ ನಮ್ಮದೇ ನಳ್ಳಿಯ ಮೂಲಕ್ಕೆ ಹೋಗುತ್ತದೆ.

ಮೊದಲ ಟ್ರೇಲರ್‌ಗಳಲ್ಲಿ ಏನಿತ್ತು?

ಎಳೆದುಕೊಂಡು ಹೋಗುವ ಟ್ರೇಲರ್ ಮನೆಗಳು ಜನಪ್ರಿಯವಾದದ್ದು ಅಮೆರಿಕದಲ್ಲಿ. ಅಲ್ಲಿನ ಏರ್‌ಸ್ಟ್ರೀಮ್ ಕಂಪೆನಿ 1936ರಲ್ಲಿ ತಂದ ‘ಕ್ಲಿಪ್ಪರ್’ ಟ್ರೇಲರಿನಲ್ಲಿ ನಾಲ್ಕು ಜನ ಮಲಗಬಹುದಿತ್ತು, ಅದರದ್ದೇ ನೀರಿನ ವ್ಯವಸ್ಥೆಯೂ ಇತ್ತು. ಆದರೆ 1950-60ರ ದಶಕದ ಅನೇಕ ಟ್ರೇಲರ್‌ಗಳಲ್ಲಿ ಸಿಂಕಿನ ನೀರು ಹಿಡಿಯುವ ಟ್ಯಾಂಕೇ ಇರಲಿಲ್ಲ. ಅಡಿಯಲ್ಲಿ ಒಂದು ಬಕೆಟ್ ಇಟ್ಟರೆ ಇಟ್ಟರು, ಇಲ್ಲದಿದ್ದರೆ ನೀರು ನೇರ ನೆಲಕ್ಕೆ. ಈಗ ಅಂಥ ಹಳೇ ಟ್ರೇಲರ್ ರಿಪೇರಿ ಮಾಡುವವರು ಹೊಸದಾಗಿ ಕೂರಿಸುವ ಮುಖ್ಯ ಸಾಮಾನುಗಳಲ್ಲಿ ಈ ಕೊಳೆನೀರಿನ ಟ್ಯಾಂಕ್ ಒಂದು.

ನಮ್ಮಲ್ಲಿ ಮಾಡುವವರು ಮೊದಲ ದಿನವೇ ಇದಕ್ಕೆ ಜಾಗ ಬಿಡಬೇಕು. ಕಪಾಟು, ಹಾಸಿಗೆ ಎಲ್ಲ ಆದ ಮೇಲೆ ಟ್ಯಾಂಕ್ ನೆನಪಾದರೆ ಮತ್ತೆ ಎಲ್ಲ ಬಿಚ್ಚಬೇಕಾಗುತ್ತದೆ.

ಬಿಚ್ಚಿದಾಗ ಮೊದಲು ನೋಡಬೇಕಾದ್ದು

ಹಳೇ ಗಾಡಿಯ ದೊಡ್ಡ ಶತ್ರು ಸೋರಿಕೆ. ಸಿಂಕ್ ಇದ್ದ ಜಾಗ, ಬಾಗಿಲ ಬುಡ, ಚಕ್ರದ ಮೇಲಿನ ಮೂಲೆ, ಈ ಮೂರು ಕಡೆ ಸ್ಕ್ರೂ ಡ್ರೈವರ್‌ನಿಂದ ನೆಲದ ಪ್ಲೈವುಡ್ ಚುಚ್ಚಿ ನೋಡಿ. ಮೆತ್ತಗೆ ಒಳಗೆ ಹೋದರೆ ಆ ಹಲಗೆ ಹೋಯಿತು ಎಂದೇ ಅರ್ಥ. ಅದರ ಮೇಲೆ ಹೊಸ ಮ್ಯಾಟ್ ಹಾಸಿ ಮುಚ್ಚಿದರೆ ನಮ್ಮ ಒಂದು ಮಳೆಗಾಲ ಸಾಕು, ಪೂರ್ತಿ ಕೊಳೆಯುತ್ತದೆ. ಕೊಳೆತದ್ದನ್ನು ಕತ್ತರಿಸಿ ತೆಗೆದು, ಅಡಿಯ ಕಬ್ಬಿಣಕ್ಕೆ ತುಕ್ಕು ನಿರೋಧಕ ಬಣ್ಣ ಹೊಡೆದು, ನೀರು ತಡೆಯುವ ಪ್ಲೈವುಡ್ ಹಾಕಿಸಬೇಕು.

ಹಳೇ ಕಬ್ಬಿಣದ ಪೈಪ್ ಇದ್ದರೆ ಪೂರ್ತಿ ತೆಗೆಯುವುದೇ ಒಳ್ಳೆಯದು. ಮನೆಗೆ ಹಾಕುವ ಗಟ್ಟಿ ಪಿವಿಸಿ ಪೈಪ್ ಅಂಟಿಸಿದರೆ ಸಾಲದಾ? ಮನೆ ಅಲುಗಾಡುವುದಿಲ್ಲ, ಗಾಡಿ ಅಲುಗಾಡುತ್ತದೆ. ಹೊಂಡ-ಗುಂಡಿ ರಸ್ತೆಯಲ್ಲಿ ಅಂಟಿನ ಜಾಯಿಂಟು ಬಿರುಕು ಬಿಡುತ್ತದೆ. ಅದಕ್ಕೇ ಬಗ್ಗುವ ಪೆಕ್ಸ್ ಪೈಪ್ ಅಥವಾ ಕುಡಿಯುವ ನೀರಿಗೆ ಯೋಗ್ಯವಾದ ಹೋಸ್ ಹಾಕಿ, ಕ್ಲ್ಯಾಂಪ್ ಬಿಗಿದು, ಅಲ್ಲಲ್ಲಿ ಬಾಡಿಗೆ ಹಿಡಿಸಬೇಕು.

ಮೂರು ಬಗೆ ನೀರು, ಮೂರು ಪಾತ್ರೆ

ಗಾಡಿಯಲ್ಲಿ ಮೂರು ಬಗೆಯ ನೀರು ಇರುತ್ತದೆ. ಕುಡಿಯುವ-ಅಡುಗೆಯ ಶುದ್ಧ ನೀರು, ಸಿಂಕ್ ಮತ್ತು ಸ್ನಾನದ ಕೊಳೆನೀರು, ಶೌಚದ ನೀರು. ಈ ಮೂರೂ ಎಲ್ಲಿಯೂ ಸೇರಬಾರದು.

ಶುದ್ಧ ನೀರಿನ ಟ್ಯಾಂಕ್ ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ಕಿನದ್ದೋ ಸ್ಟೀಲಿನದ್ದೋ ಆಗಿರಬೇಕು. ಬೆಳಕು ಒಳಗೆ ಹೋದರೆ ಪಾಚಿ ಕಟ್ಟುತ್ತದೆ, ಹಾಗಾಗಿ ಪಾರದರ್ಶಕ ಟ್ಯಾಂಕ್ ಬೇಡ. ಔಷಧಿ, ಕೆಮಿಕಲ್ ಬಂದಿದ್ದ ಹಳೇ ಕ್ಯಾನ್ ಎಷ್ಟು ತೊಳೆದರೂ ಬೇಡ. ಹೊಸದಾಗಿ ಕೂರಿಸಿದಾಗ 100 ಲೀಟರ್ ನೀರಿಗೆ ಶೇ 5ರ ಸುವಾಸನೆ ಇಲ್ಲದ ಬ್ಲೀಚ್ ದ್ರಾವಣ ಸುಮಾರು 100 ಮಿಲಿಲೀಟರ್ ಹಾಕಿ, ಎಲ್ಲ ನಳ್ಳಿಯಲ್ಲೂ ಸ್ವಲ್ಪ ಬಿಟ್ಟು, ಒಂದು ರಾತ್ರಿ ಇಡಬೇಕು. ಮರುದಿನ ಅದನ್ನು ಪೂರ್ತಿ ಖಾಲಿ ಮಾಡಿ, ವಾಸನೆ ಹೋಗುವವರೆಗೆ ಒಳ್ಳೆಯ ನೀರಿನಿಂದ ತೊಳೆಯಬೇಕು. ಇದು ಟ್ಯಾಂಕ್ ತೊಳೆಯುವ ನೀರು, ಕುಡಿಯುವುದಕ್ಕಲ್ಲ.

ಎಷ್ಟು ನೀರು ಬೇಕು?

ಜಲ ಜೀವನ್ ಮಿಷನ್ ಪ್ರಕಾರ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್. ಗಾಡಿಯಲ್ಲಿ ಅಷ್ಟು ಆಗುವುದಿಲ್ಲ. ಇಬ್ಬರಿಗೆ ಒಂದು ದಿನದ ಅಂದಾಜು ಹೀಗೆ ಹಾಕಬಹುದು:

ಕುಡಿಯಲು, ಅಡುಗೆಗೆ 10 ಲೀಟರ್
ಪಾತ್ರೆ ತೊಳೆಯಲು 10 ಲೀಟರ್
ಕೈ, ಮುಖ, ಹಲ್ಲಿಗೆ 8 ಲೀಟರ್
ಚೊಂಬಿನಲ್ಲಿ ಸ್ನಾನ, ತಲಾ 12ರಂತೆ 24 ಲೀಟರ್

ಒಟ್ಟು 52 ಲೀಟರ್. ಅಂದರೆ ಎರಡು ದಿನಕ್ಕೆ ಸುಮಾರು 100 ಲೀಟರಿನ ಟ್ಯಾಂಕ್. ಇದರಲ್ಲಿ ಕುಡಿಯುವ-ಅಡುಗೆಯ 10 ಬಿಟ್ಟು ಉಳಿದ 42 ಲೀಟರ್ ಕೊಳೆನೀರಾಗಿ ವಾಪಸ್ ಬರುತ್ತದೆ. ಹಾಗಾಗಿ 50 ಲೀಟರಿನ ಕೊಳೆನೀರು ಟ್ಯಾಂಕ್ ಇಟ್ಟು ದಿನಾ ಖಾಲಿ ಮಾಡಬೇಕು.

ಒಂದು ಲೀಟರ್ ನೀರು ಎಂದರೆ ಒಂದು ಕಿಲೋ. 100 ಲೀಟರ್ ತುಂಬಿಸಿದರೆ ಎರಡು ಮೂಟೆ ಸಿಮೆಂಟು ಹೇರಿದ ಹಾಗೆ. ಬಳಸಿದ ನೀರನ್ನು ಗಾಡಿಯಲ್ಲೇ ಹಿಡಿದಿಟ್ಟರೆ ಭಾರ ಹೆಚ್ಚೇನೂ ಇಳಿಯುವುದಿಲ್ಲ, ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಹೋಗುತ್ತದೆ ಅಷ್ಟೇ. ಆದ್ದರಿಂದ ಎರಡೂ ಟ್ಯಾಂಕ್ ಆಕ್ಸಲ್ ಹತ್ತಿರ, ಆದಷ್ಟು ಕೆಳಗೆ ಇರಲಿ. ಟ್ರೇಲರಿನ ಹಿಂಬದಿಯ ತುದಿಯಲ್ಲಿ ಟ್ಯಾಂಕ್ ಇಟ್ಟರೆ ಓಡುವಾಗ ಟ್ರೇಲರ್ ಬಾಲ ಆಡಿಸಲು ಶುರು ಮಾಡುತ್ತದೆ. ಸಂಪಾಜೆ, ಬಿಸಿಲೆ ಘಾಟಿಯ ತಿರುವಿನಲ್ಲಿ ಅರ್ಧ ತುಂಬಿದ ದೊಡ್ಡ ಟ್ಯಾಂಕಿನ ನೀರು ಒಂದು ಕಡೆಗೆ ನುಗ್ಗುತ್ತದೆ. ಒಂದು ದೊಡ್ಡದಕ್ಕಿಂತ ಎರಡು ಸಣ್ಣ ಟ್ಯಾಂಕ್, ಅಥವಾ ಒಳಗೆ ಅಡ್ಡ ತಡೆ ಇರುವ ಟ್ಯಾಂಕ್ ವಾಸಿ. ಘಾಟಿ ಹತ್ತುವ ಮುಂಚೆ ಕುಡಿಯಲು ಬೇಕಾದಷ್ಟು ಮಾತ್ರ ಇಟ್ಟುಕೊಂಡು ಮೇಲೆ ಹೋಗಿ ತುಂಬಿಸಿಕೊಳ್ಳುವುದು ಇನ್ನೂ ಒಳ್ಳೆಯದು.

ಪಂಪ್, ಟ್ರ್ಯಾಪ್, ಸೋರಿಕೆ ಪರೀಕ್ಷೆ

12 ವೋಲ್ಟಿನ ಸಣ್ಣ ಡಯಾಫ್ರಮ್ ಪಂಪ್ ಸಾಕು. ನಿಮಿಷಕ್ಕೆ 5 ಲೀಟರ್ ಎತ್ತುವ ಪಂಪಿಗೆ ದಿನದ 52 ಲೀಟರ್ ಎಂದರೆ ಹತ್ತು-ಹನ್ನೊಂದು ನಿಮಿಷದ ಕೆಲಸ. ಬ್ಯಾಟರಿಗೆ ಅದು ದೊಡ್ಡ ಹೊರೆಯೇ ಅಲ್ಲ. ಪಂಪಿನ ಮುಂಚೆ ಒಂದು ಜಾಲರಿ ಫಿಲ್ಟರ್ ಇರಲಿ, ನಮ್ಮ ಕಡೆಯ ಕೆಂಪು ಮಣ್ಣು ಸಿಕ್ಕಿಕೊಂಡರೆ ಪಂಪ್ ಹಾಳು. ಖರ್ಚು ಉಳಿಸಬೇಕೆಂದರೆ ಕಾಲಲ್ಲಿ ಒತ್ತುವ ಫುಟ್ ಪಂಪ್ ಹಾಕಬಹುದು. ಕಾಲು ತೆಗೆದ ಕೂಡಲೇ ನೀರು ನಿಲ್ಲುವುದರಿಂದ ನೀರೂ ಉಳಿಯುತ್ತದೆ.

ಕೊಳೆನೀರಿನ ಪೈಪಿಗೆ ಒಂದು ಮೀಟರಿಗೆ 2 ಸೆಂಟಿಮೀಟರ್ ಇಳಿಜಾರು ಕೊಡಿ. ಸಿಂಕಿನ ಅಡಿಯಲ್ಲಿ ಟ್ರ್ಯಾಪ್ ಬೇಕೇಬೇಕು, ಇಲ್ಲದಿದ್ದರೆ ಟ್ಯಾಂಕಿನ ವಾಸನೆ ನೇರ ಮೂಗಿಗೆ ಬರುತ್ತದೆ. ಟ್ಯಾಂಕಿಗೆ ಗಾಳಿ ಹೋಗುವ ಒಂದು ಸಣ್ಣ ಪೈಪ್ ಮೇಲಕ್ಕೆ ಬಿಡಬೇಕು. ಸಿಂಕ್ ‘ಗುಳುಗುಳು’ ಎಂದು ನಿಧಾನ ಖಾಲಿಯಾಗುತ್ತಿದ್ದರೆ ಗಾಳಿ ಪೈಪ್ ಇಲ್ಲ, ಅಥವಾ ಎಲ್ಲೋ ಕಟ್ಟಿಕೊಂಡಿದೆ.

ಗೋಡೆಯ ಹಲಗೆ ಮುಚ್ಚುವ ಮುಂಚೆ ಒಂದು ಪರೀಕ್ಷೆ ಮಾಡಿ. ಎಲ್ಲ ನಳ್ಳಿ ಬಂದ್ ಮಾಡಿ ಪಂಪ್ ಆನ್ ಇಡಿ. ಒತ್ತಡ ತುಂಬಿದ ಮೇಲೆ ಅದು ತಾನಾಗಿ ನಿಲ್ಲಬೇಕು. ಯಾರೂ ನಳ್ಳಿ ತೆರೆಯದಿದ್ದರೂ ಆಗಾಗ ‘ಟುರ್’ ಎಂದರೆ ಎಲ್ಲೋ ಸೋರುತ್ತಿದೆ. ಹಲಗೆ ಮುಚ್ಚಿದ ಮೇಲೆ ಅದನ್ನು ಹುಡುಕುವುದು ಬಲು ಕಷ್ಟ.

ಮರುಬಳಕೆ: ಬಾಳೆ ಬುಡದ ಹಳೇ ಲೆಕ್ಕ

ಬಳಸಿದ ನೀರನ್ನು ಮತ್ತೆ ಬಳಸುವುದು ನಮಗೆ ಹೊಸತಲ್ಲ. ಬಚ್ಚಲಿನ ಹಿಂದೆ ಬಾಳೆ, ತೆಂಗು, ಕೆಸು ನೆಡುವುದು ಇಲ್ಲಿಯ ಹಳೇ ಪದ್ಧತಿ. ಗಾಡಿಯಲ್ಲೂ ಅದೇ ಲೆಕ್ಕ. ನೀರು ಯಾವಾಗಲೂ ಕೆಳಗಿನ ಕೆಲಸಕ್ಕೆ ಹೋಗಬೇಕು, ಮೇಲಿನ ಕೆಲಸಕ್ಕೆ ವಾಪಸ್ ಬರಬಾರದು.

ಮುಖ ತೊಳೆದ, ಸ್ನಾನ ಮಾಡಿದ ನೀರನ್ನು ಬಟ್ಟೆಯಲ್ಲಿ ಸೋಸಿ ಅದೇ ದಿನ ಶೌಚಕ್ಕೆ ಸುರಿಯಲು, ಟಯರ್, ಕಾಲೊರಸು ತೊಳೆಯಲು ಬಳಸಬಹುದು. ಉಳಿದದ್ದು ಬಾಳೆ, ತೆಂಗು, ಅಡಿಕೆ ಬುಡಕ್ಕೆ. ಬಸಳೆ, ಹರಿವೆಯಂಥ ಸೊಪ್ಪಿಗೆ ಬೇಡ. ಬ್ಲೀಚಿಂಗ್, ಫಿನಾಯಿಲ್ ಬೆರೆತ ನೀರು ಯಾವ ಗಿಡಕ್ಕೂ ಬೇಡ. ಒಂದೇ ಬುಡಕ್ಕೆ ದಿನಾ ಹೊಯ್ದರೆ ಸಾಬೂನಿನ ಉಪ್ಪು ಮಣ್ಣಲ್ಲಿ ಕೂರುತ್ತದೆ, ಬುಡ ಬದಲಿಸುತ್ತಾ ಇರಬೇಕು.

ಪಾತ್ರೆ ತೊಳೆದ ನೀರು ಬೇರೆಯೇ. ಅದರಲ್ಲಿ ಎಣ್ಣೆ, ಅನ್ನ, ಮೀನಿನ ಚೂರು ಇರುತ್ತದೆ. ತೊಳೆಯುವ ಮುಂಚೆ ತಟ್ಟೆಯನ್ನು ಕಾಗದದಲ್ಲಿ ಒರೆಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಉಳಿದದ್ದಕ್ಕೆ ಸಿಂಕಿನ ಅಡಿಯಲ್ಲಿ ಎಣ್ಣೆ ಮೇಲೆ ತೇಲಿ ನಿಲ್ಲುವಂಥ ಸಣ್ಣ ಡಬ್ಬ ಇಟ್ಟು, ವಾರಕ್ಕೊಮ್ಮೆ ಎಣ್ಣೆ ತೆಗೆಯಬೇಕು.

ಇದ್ದಿಲು, ಮರಳು, ಜಲ್ಲಿ ಹಾಕಿದ ಬಕೆಟ್ ಫಿಲ್ಟರ್ ಮಾಡಿದರೆ ನೀರು ತಿಳಿಯಾಗಿ ಕಾಣುತ್ತದೆ. ಆದರೆ ರೋಗಾಣು ಅದರಲ್ಲಿ ಹೋಗಿಬಿಡುವುದಿಲ್ಲ. ತಿಳಿಯಾಗಿದೆ ಎಂದು ಪಾತ್ರೆ, ಕೈ ತೊಳೆಯಲು ಬಳಸಲೇಬಾರದು. ಸೆಕೆಗೆ ಕೊಳೆನೀರು 24 ಗಂಟೆಯ ಒಳಗೇ ನಾರಲು ಶುರುವಾಗುತ್ತದೆ, ಅದಕ್ಕಿಂತ ಹೆಚ್ಚು ಇಡಬೇಡಿ.

ಮಳೆಗಾಲದಲ್ಲಿ ಇನ್ನೊಂದು ದಾರಿ ಇದೆ. 5 ಮೀಟರ್ ಉದ್ದ, 2 ಮೀಟರ್ ಅಗಲದ ಮಾಡಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್ ನೀರು. ನಮ್ಮ ಆಟಿ ತಿಂಗಳ ಒಂದು ಜೋರು ಮಳೆಗೆ ಅಷ್ಟು ಲೆಕ್ಕವೇ ಅಲ್ಲ. ಮೊದಲ ನೀರನ್ನು ಬಿಟ್ಟು ಉಳಿದದ್ದನ್ನು ತೊಳೆಯುವ ಕೆಲಸಕ್ಕೆ ಹಿಡಿದುಕೊಳ್ಳಬಹುದು.

ಹೊಳೆಗೆ ಬಿಟ್ಟರೆ ಏನಾಗುತ್ತದೆ?

ಕುಕ್ಕೆ ಸುಬ್ರಹ್ಮಣ್ಯದ ಬದಿಯಲ್ಲಿ ಹರಿಯುವ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ಪುತ್ತೂರು ನಗರಕ್ಕೆ ಕುಡಿಯುವ ನೀರು ಎತ್ತುವುದು ಉಪ್ಪಿನಂಗಡಿ ಹತ್ತಿರದ ನೆಕ್ಕಿಲಾಡಿಯಲ್ಲಿ. ಮುಂದೆ ತುಂಬೆ ಅಣೆಕಟ್ಟಿನ ನೀರು ಮಂಗಳೂರಿಗೆ. ಸುಳ್ಯದ ಪಯಸ್ವಿನಿ ಗಡಿ ದಾಟಿ ಚಂದ್ರಗಿರಿ ಎನಿಸಿಕೊಂಡು ಕಾಸರಗೋಡಿಗೆ ಹೋಗುತ್ತದೆ, ಸುಳ್ಯ ಪೇಟೆಯವರೂ ಕಾಸರಗೋಡಿನವರೂ ಅದನ್ನೇ ಕುಡಿಯುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ ಹರಿವು ಕಡಿಮೆಯಾಗಿ ಕಿಂಡಿ ಅಣೆಕಟ್ಟಿನಲ್ಲಿ ನೀರು ನಿಂತಿರುವಾಗ ಬಿಟ್ಟ ಕೊಳೆ ಕೊಚ್ಚಿಕೊಂಡು ಹೋಗುವುದಿಲ್ಲ, ಅಲ್ಲೇ ಉಳಿಯುತ್ತದೆ. ತೊಡಿಕಾನದ ಮತ್ಸ್ಯತೀರ್ಥದಂಥ ಕಡೆ ದೇವರ ಮೀನುಗಳೂ ಇವೆ.

ಬಾವಿಯ ಹತ್ತಿರವೂ ಬಿಡಬಾರದು. ಮುರಕಲ್ಲಿನ ನೆಲದಲ್ಲಿ ನೀರು ಬೇಗ ಇಳಿಯುತ್ತದೆ. ಬಾವಿಯಿಂದ ಕಡಿಮೆ ಎಂದರೂ 50 ಅಡಿ ದೂರ, ಬಾವಿಗಿಂತ ಕೆಳಗಿನ ಬದಿಯಲ್ಲಿ ಇಂಗುಗುಂಡಿ ಇರಲಿ.

ಶೌಚಕ್ಕೆ ಕ್ಯಾಸೆಟ್ ಟಾಯ್ಲೆಟ್ ಹಾಕುವವರಿದ್ದಾರೆ. ಸುಮಾರು 20 ಲೀಟರಿನ ಡಬ್ಬ ಅಡಿಯಿಂದ ಎಳೆದು ತೆಗೆಯುವಂಥದ್ದು, ಇಬ್ಬರಿಗೆ ಎರಡು-ಮೂರು ದಿನ ಬರುತ್ತದೆ. ಅದನ್ನು ಸೆಪ್ಟಿಕ್ ಟ್ಯಾಂಕ್ ಇರುವ ಟಾಯ್ಲೆಟ್ಟಿಗೆ ಮಾತ್ರ, ಅದೂ ಮಾಲೀಕರನ್ನು ಕೇಳಿಯೇ ಸುರಿಯಬೇಕು. ಫಾರ್ಮಾಲಿನ್ ಇರುವ ವಾಸನೆ ನಿವಾರಕ ಹಾಕಿದರೆ ಸೆಪ್ಟಿಕ್ ಟ್ಯಾಂಕಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಎನ್‌ಜೈಮ್ ಬಗೆಯದ್ದು ತೆಗೆದುಕೊಳ್ಳಿ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡಾ ಕಂಪೆನಿಯ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ಸಲ್ಲದು ಎಂದಿದೆ. ಮೋಟಾರ್ ಕಾರವಾನ್‌ಗೆ ಎಐಎಸ್-124 ಎಂಬ ಬೇರೆಯೇ ಮಾನದಂಡ ಇದೆ. ಆದ್ದರಿಂದ ಕಟಿಂಗ್ ಮೆಷಿನ್ ಹಿಡಿಯುವ ಮುಂಚೆ ಪುತ್ತೂರು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಹೊಳೆ-ತೋಡಿಗೆ ಮಲಿನ ವಸ್ತು ಬಿಡುವುದನ್ನು 1974ರ ಜಲ ಮಾಲಿನ್ಯ ತಡೆ ಕಾಯ್ದೆ ನಿಷೇಧಿಸಿದೆ.

ಅಂಗಡಿಯವರಿಗೆ, ಕ್ಯಾಂಟೀನ್ ಗಾಡಿಯವರಿಗೆ

ಇದೆಲ್ಲ ಟೂರು ಹೋಗುವವರಿಗೆ ಮಾತ್ರ ಅಂದುಕೊಳ್ಳಬೇಡಿ. ಜಾತ್ರೆಯಲ್ಲಿ ನಿಲ್ಲುವ ಫಾಸ್ಟ್ ಫುಡ್ ವ್ಯಾನ್, ಚರುಮುರಿ, ಜ್ಯೂಸ್ ಗಾಡಿಗೂ ಇದೇ ಪ್ಲಂಬಿಂಗ್ ಸಾಕು. ಮುಚ್ಚಳ ಮತ್ತು ನಳ್ಳಿ ಇರುವ 50 ಲೀಟರ್ ಶುದ್ಧ ನೀರಿನ ಕ್ಯಾನ್, ಒಂದು ಸಿಂಕ್, ಅಡಿಯಲ್ಲಿ ಎಣ್ಣೆ ಡಬ್ಬ, ಅದರ ಕೆಳಗೆ ಇನ್ನೊಂದು ಕ್ಯಾನ್. ಒಂದೇ ಬಕೆಟ್ಟಿನಲ್ಲಿ ನೂರು ಲೋಟ ಅದ್ದಿ ತೆಗೆದು ಕೊನೆಗೆ ಚರಂಡಿಗೆ ಸುರಿಯುವುದಕ್ಕಿಂತ ಇದು ಗಿರಾಕಿಗೂ ಒಳ್ಳೆಯದು, ಅಂಗಡಿಯ ಹೆಸರಿಗೂ ಒಳ್ಳೆಯದು.

ಹೋಂಸ್ಟೇ, ಹೋಟೆಲ್, ದೊಡ್ಡ ಪಾರ್ಕಿಂಗ್ ಜಾಗ ಇರುವವರು ಒಂದು ನಳ್ಳಿ, ಬೇರೆ ಬದಿಯಲ್ಲಿ ಇಂಗುಗುಂಡಿಗೆ ಹೋಗುವ ಒಂದು ಜಾಲರಿ ಗುಂಡಿ ಮಾಡಿಟ್ಟರೆ ಬರುವ ಗಾಡಿಗಳಿಗೆ ಸಣ್ಣ ಶುಲ್ಕಕ್ಕೆ ಆ ಸೌಕರ್ಯ ಕೊಡಬಹುದು. ನೀರು ತುಂಬಿಸುವ ಹೋಸ್ ಮತ್ತು ಕೊಳೆ ತೊಳೆಯುವ ಹೋಸ್ ಎರಡಕ್ಕೂ ಬೇರೆ ಬೇರೆ ಬಣ್ಣ ಇರಲಿ, ಒಂದನ್ನು ಇನ್ನೊಂದಕ್ಕೆ ಬಳಸಬಾರದು. ಬಿಡಲು ಸರಿಯಾದ ಜಾಗ ಹತ್ತಿರದಲ್ಲೇ ಸಿಕ್ಕಿದರೆ, ಕತ್ತಲಾದ ಮೇಲೆ ಸೇತುವೆ ಬದಿಯಲ್ಲಿ ಗಾಡಿ ನಿಲ್ಲಿಸಿ ವಾಲ್ವ್ ತೆರೆಯುವ ಅಗತ್ಯ ಯಾರಿಗೂ ಬರುವುದಿಲ್ಲ.