ಖಾತೆಗಳ ಲೆಕ್ಕ, ಜನರ ಲೆಕ್ಕ

ನೆದರ್‌ಲೆಂಡ್ಸ್‌ನಲ್ಲಿ 2004ರಲ್ಲಿ ಶುರುವಾದ ಹೈವ್ಸ್ ಡಚ್ಚರದೇ ಸಾಮಾಜಿಕ ಜಾಲತಾಣ. ದೇಶದ ಜನಸಂಖ್ಯೆ ಸುಮಾರು 1.65 ಕೋಟಿ ಇದ್ದಾಗ ಹೈವ್ಸ್ ಖಾತೆಗಳು ಒಂದು ಕೋಟಿ ದಾಟಿದ್ದವು. ಈ ಅಂಕಿ ನೋಡಿದವರಿಗೆ ಅರ್ಧಕ್ಕೂ ಹೆಚ್ಚು ದೇಶ ಅಲ್ಲೇ ಬೀಡುಬಿಟ್ಟಂತೆ ಕಂಡರೆ ಆಶ್ಚರ್ಯವಿಲ್ಲ. 2010ರಲ್ಲಿ ಅಲ್ಲಿನ ದೊಡ್ಡ ಪತ್ರಿಕಾ ಸಮೂಹವೊಂದು ಅದನ್ನು ಕೊಂಡಿತು. 2013ರ ಡಿಸೆಂಬರ್ ಹೊತ್ತಿಗೆ ಅದು ಬರೀ ಆಟಗಳ ತಾಣವಾಗಿತ್ತು. ಕೋಟಿ ಖಾತೆಗಳ ಅಂಕಿ ಈ ಕುಸಿತದ ಸುಳಿವು ಕೊಡುವುದಿಲ್ಲ; ಖಾತೆ ಎಣಿಸುವುದರ ತೊಡಕೇ ಇದು. ಒಬ್ಬರಿಗೆ ಎರಡು ಖಾತೆ ಇರಬಹುದು, ಅಂಗಡಿಗೂ ಒಂದಿರಬಹುದು; ಬೇಸತ್ತು ಬಿಟ್ಟವರು ಅಳಿಸುವ ಗೋಜಿಗೇ ಹೋಗಿರುವುದಿಲ್ಲ. ಸೇರಿದವರು ಲೆಕ್ಕಕ್ಕೆ ಸಿಗುತ್ತಾರೆ, ಸದ್ದಿಲ್ಲದೆ ಜಾರಿಕೊಂಡವರು ಸಿಗುವುದಿಲ್ಲ.

ತಿಂಗಳ ಸಕ್ರಿಯ ಬಳಕೆದಾರರನ್ನು ಎಣಿಸಿದರೆ ಸಾಲದೇ ಎಂದು ಕೇಳಬಹುದು. ಅದು ವಾಸಿ, ನಿಜ. ಆದರೆ ತಿಂಗಳಿಗೊಮ್ಮೆ ಇಣುಕುವವರೂ ದಿನವಿಡೀ ಹರಟುವವರೂ ಅಲ್ಲಿ ಒಂದೇ. ಹೈವ್ಸ್ ಸೋತದ್ದು ಫೇಸ್‌ಬುಕ್‌ನ ಹಣಬಲಕ್ಕೆ ಎಂಬ ವಾದದಲ್ಲೂ ಹುರುಳಿದೆ. ಆದರೂ ಹಣವೊಂದೇ ಗೆಳೆಯರನ್ನು ಎಳೆದೊಯ್ಯಲಾರದು. ಹೊರದೇಶದ ಪರಿಚಿತರು ಇನ್ನೊಂದೆಡೆ ಸಿಕ್ಕಾಗ ಜನ ಅಲ್ಲೂ ಖಾತೆ ತೆರೆಯುತ್ತಾರೆ, ಕೆಲಕಾಲ ಎರಡೂ ಕಡೆ ಇರುತ್ತಾರೆ, ಹಳೆಯ ಕಡೆ ಬರೆಯುವುದು ಕ್ರಮೇಣ ನಿಲ್ಲುತ್ತದೆ. ಗೂಗಲ್‌ನ ಜಾಲತಾಣ ಆರ್ಕುಟ್‌ನಲ್ಲಿ ಆದದ್ದೂ ಇದೇ: ಭಾರತೀಯರು ಫೇಸ್‌ಬುಕ್‌ಗೆ ಗುಳೆ ಹೋಗಿ ವರ್ಷಗಳಾದ ಮೇಲೆ, 2014ರ ಸೆಪ್ಟೆಂಬರ್ 30ರಂದು ಗೂಗಲ್ ಅದಕ್ಕೆ ಬೀಗ ಹಾಕಿತು.